ಲಿಫ್ಟ್ ಹಾಕಿಸಿದ ಜಿಮ್ನಿಯ ಸ್ಪ್ರಿಂಗ್ ಬಾಗಿದೆ: ತಪ್ಪು ಸ್ಪ್ರಿಂಗ್‌ದೋ, ಆಕ್ಸಲ್‌ದೋ?

ಪ್ರಶ್ನೆ: ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ, 2023ರದ್ದು. ಸಕಲೇಶಪುರದ ಕಡೆ ತೋಟದ ದಾರಿಗೆ ಬೇಕೆಂದು ಗಾಡಿ ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದೆ, ನಾಲ್ಕು ಸ್ಪ್ರಿಂಗ್ ಮತ್ತು ನಾಲ್ಕು ಶಾಕ್ ಅಬ್ಸಾರ್ಬರ್. ಈಗ ಮುಂದಿನ ಎರಡೂ ಸ್ಪ್ರಿಂಗ್ ಬಾಳೆಕಾಯಿಯ ಹಾಗೆ ಮುಂದಕ್ಕೆ ಬಾಗಿ ಕಾಣುತ್ತಿವೆ. ನೇರ ಹೋಗುವಾಗಲೂ ಸ್ಟೇರಿಂಗ್ ಚಕ್ರ ಎಡಕ್ಕೆ ವಾಲಿರುತ್ತದೆ. 80 ಕಿ.ಮೀ. ವೇಗ ದಾಟಿದರೆ ಗಾಡಿ ಅತ್ತಿತ್ತ ಎಳೆಯುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ‘ಟೋ ಸರಿ ಇದೆ, ಕ್ಯಾಸ್ಟರ್ ಕೆಂಪು ತೋರಿಸ್ತಿದೆ, ಅದು ನಮ್ಮ ಕೈಲಾಗೋದಲ್ಲ’ ಎಂದರು. ಗ್ಯಾರೇಜಿನವರು ಸ್ಪ್ರಿಂಗ್ ಕೆಳಗೆ ಬೆಣೆ ಕೊಟ್ಟು ನೆಟ್ಟಗೆ ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಲೇ? ಅಥವಾ ಕಿಟ್ ವಾಪಸ್ ಕೊಟ್ಟು 30 ಮಿ.ಮೀ.ನದ್ದು ಹಾಕಿಸಲೇ?

ಉತ್ತರ: ಬೆಣೆ ಸದ್ಯಕ್ಕೆ ಬೇಡ. ಸ್ಪ್ರಿಂಗ್ ಸರಿಯಾಗಿ ಕೂತಿದ್ದರೆ ಅದರಲ್ಲಿ ದೋಷವಿಲ್ಲ, ತಿರುಗಿರುವುದು ಆಕ್ಸಲ್, ಅಂದರೆ ಎಡಬಲದ ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ. ಬಾಗಿದ ಸ್ಪ್ರಿಂಗ್, ಕೆಂಪು ತೋರಿಸುವ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಗೆರೆ ಹಿಂದಕ್ಕೆ ಒರಗಿರುವ ಕೋನ), ವೇಗದಲ್ಲಿ ಅತ್ತಿತ್ತ ಎಳೆತ, ಈ ಮೂರಕ್ಕೂ ಕಾರಣ ಅದೊಂದೇ. ಸ್ಟೇರಿಂಗ್ ವಾಲಿರುವುದು ಮಾತ್ರ ಬೇರೆ ಲೆಕ್ಕ, ಅದಕ್ಕೆ ಆಮೇಲೆ ಬರೋಣ.

ಜಿಮ್ನಿಯ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್ ಒಂದೇ ತುಂಡು. ಮುಂದಿನ ಆಕ್ಸಲನ್ನು ಎರಡು ಲೀಡಿಂಗ್ ಆರ್ಮ್‌ಗಳು ಹಿಡಿದಿವೆ. ಆರ್ಮಿನ ಹಿಂದಿನ ತುದಿ ಚಾಸಿಗೆ (ಗಾಡಿಯ ಕೆಳಚೌಕಟ್ಟಿಗೆ) ಸೇರುತ್ತದೆ, ಮುಂದಿನ ತುದಿ ಎರಡು ಬುಷ್‌ಗಳ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆಗಳ) ಮೂಲಕ ಆಕ್ಸಲ್‌ಗೆ ಕಚ್ಚಿಕೊಂಡಿರುತ್ತದೆ. ಎರಡು ಕಡೆ ಬೋಲ್ಟ್ ಇರುವುದರಿಂದ ಆರ್ಮ್ ಎಷ್ಟು ಡಿಗ್ರಿ ಓರೆಯಾದರೂ ಆಕ್ಸಲ್ ಅಷ್ಟೇ ಡಿಗ್ರಿ ತಿರುಗಲೇಬೇಕು. ಉದ್ದ ಸ್ಪ್ರಿಂಗ್ ಹಾಕಿ ಚಾಸಿಯನ್ನು ಮೇಲೆತ್ತಿದಾಗ ಆರ್ಮಿನ ಮುಂತುದಿ ಕೆಳಕ್ಕೆ ಇಳಿದಂತಾಗುತ್ತದೆ, ಆಕ್ಸಲ್‌ನ ನೆತ್ತಿ ಮುಂದಕ್ಕೆ ಬಾಗುತ್ತದೆ.

ಎಷ್ಟು ಬಾಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಎತ್ತರಿಸಿದ ಮಿ.ಮೀ.ಯನ್ನು ಆರ್ಮಿನ ಉದ್ದದಿಂದ ಭಾಗಿಸಿ 57.3ರಿಂದ ಗುಣಿಸಿದರೆ ಸುಮಾರು ಡಿಗ್ರಿ ಸಿಗುತ್ತದೆ. ಉದ್ದ ಅಂದರೆ ಚಾಸಿಯ ಬೋಲ್ಟಿನ ನಡುವಿನಿಂದ ಆಕ್ಸಲ್ ಕೊಳವೆಯ ನಡುವಿನವರೆಗೆ. ಟೇಪ್ ಹಿಡಿದು ನಿಮ್ಮ ಗಾಡಿಯಲ್ಲೇ ಅಳೆಯಿರಿ. ಉದಾಹರಣೆಗೆ 750 ಮಿ.ಮೀ. ಎಂದುಕೊಂಡರೆ 50 ಮಿ.ಮೀ. ಲಿಫ್ಟಿಗೆ 3.8 ಡಿಗ್ರಿ. ಸ್ಪ್ರಿಂಗ್ ಕೂರುವ ಕೆಳಗಿನ ಸೀಟ್ ಆಕ್ಸಲ್ ಮೇಲೆಯೇ ಇದೆ. ಅದರ ಅಗಲ 120 ಮಿ.ಮೀ. ಇದ್ದರೆ ಹಿಂದಿನ ಅಂಚಿಗೂ ಮುಂದಿನ ಅಂಚಿಗೂ ಈಗ 8 ಮಿ.ಮೀ. ಏರುತಗ್ಗು. ಮೇಲಿನ ಸೀಟ್ ಚಾಸಿಯಲ್ಲಿ ಮೊದಲಿದ್ದ ಹಾಗೇ ಇದೆ. ಕೆಳಗಿನ ಸೀಟ್ ಮುಂದಕ್ಕೆ ಮುಖ ಮಾಡಿದ್ದರಿಂದ ಸ್ಪ್ರಿಂಗ್ ಮುಂದಕ್ಕೆ ಹೊರಟು ಮತ್ತೆ ಹಿಂದಕ್ಕೆ ಬಂದು ಮೇಲಿನ ಸೀಟನ್ನು ಸೇರಬೇಕು. ನಿಮಗೆ ಕಾಣುತ್ತಿರುವ ಬಾಳೆಕಾಯಿ ಇದೇ.

ಹಿಂದಿನ ಆಕ್ಸಲ್‌ನಲ್ಲಿ ಆರ್ಮ್ ಚಾಸಿಗೆ ಸೇರುವುದು ಮುಂತುದಿಯಲ್ಲಿ. ಹಾಗಾಗಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು, ಅಲ್ಲಿ ಸ್ಪ್ರಿಂಗ್‌ನ ಹೊಟ್ಟೆ ಹಿಂದಕ್ಕೆ ಬರುತ್ತದೆ. ಇದನ್ನೇ ಮೊದಲ ಪರೀಕ್ಷೆಯಾಗಿ ಬಳಸಿ. ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ, ಎಡಬಲ ಎರಡೂ ಒಂದೇ ಪ್ರಮಾಣದಲ್ಲಿ ಬಾಗಿದ್ದರೆ ಅದು ಲಿಫ್ಟಿನ ಸಹಜ ಫಲ. ಒಂದು ಕಡೆಯದು ಮಾತ್ರ ಬಾಗಿದ್ದರೆ, ಅಥವಾ ಹೊಟ್ಟೆ ಚಕ್ರದ ಕಡೆಗೋ ಎಂಜಿನ್ ಕಡೆಗೋ ತಿರುಗಿದ್ದರೆ, ಜೋಡಿಸುವಾಗಲೇ ಏನೋ ತಪ್ಪಿದೆ. ಎರಡೂ ಸ್ಪ್ರಿಂಗ್ ಒಂದೇ ಪಕ್ಕಕ್ಕೆ ವಾಲಿದ್ದರೆ ಆಕ್ಸಲ್ ಪಕ್ಕಕ್ಕೆ ಸರಿದಿದೆ.

ಬಾಗಿದ್ದರಿಂದ ಸ್ಪ್ರಿಂಗ್ ಮುರಿಯುತ್ತದೆಯೇ ಎಂಬ ಭಯ ಎಲ್ಲರಿಗೂ ಇರುತ್ತದೆ. ಚಕ್ರ ಗುಂಡಿಯಿಂದ ಮೇಲೆ ಹಾರಿ ಸ್ಪ್ರಿಂಗ್ ಒತ್ತಿದಾಗ ಆರ್ಮ್ ಮತ್ತೆ ಮೇಲೇರುತ್ತದೆ, ಆಕ್ಸಲ್ ಹಿಂದಕ್ಕೆ ತಿರುಗುತ್ತದೆ, ಸ್ಪ್ರಿಂಗ್ ನೆಟ್ಟಗಾಗುತ್ತದೆ. ಅತಿ ಹೆಚ್ಚು ಬಾಗುವುದು ಚಕ್ರ ಗಾಳಿಯಲ್ಲಿ ನೇತಾಡುವಾಗ, ಆಗ ಅದರ ಮೇಲೆ ಭಾರವೇ ಇರುವುದಿಲ್ಲ. ಹಾಗಾಗಿ ಬಾಗು ಒಂದರಿಂದಲೇ ಮುರಿಯುವ ಸಂಭವ ಕಡಿಮೆ. ಮುರಿಯುವುದು ಉಜ್ಜಾಟದಿಂದ. ಕಾಯಿಲ್ ಸೀಟಿನ ಅಂಚಿಗೆ, ಶಾಕ್ ಅಬ್ಸಾರ್ಬರ್‌ನ ಮೈಗೆ ಅಥವಾ ಸ್ಪ್ರಿಂಗ್ ಒಳಗಿನ ಬಂಪ್ ಸ್ಟಾಪ್‌ಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್‌ಗೆ) ತಗುಲುತ್ತಿದ್ದರೆ ಬಣ್ಣ ಕಿತ್ತು, ನಮ್ಮ ಮಲೆನಾಡಿನ ಮಳೆಗೆ ಆ ಜಾಗ ತುಕ್ಕು ಹಿಡಿದು, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಕಾಯಿಲ್ ತಗುಲಬಹುದಾದ ಕಡೆಗಳಲ್ಲಿ ಸೀಮೆಸುಣ್ಣ ಬಳಿದು ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸುಣ್ಣ ಅಳಿಸದೆ ಉಳಿದಿದ್ದರೆ ನಿಶ್ಚಿಂತೆ.

ಈಗ ಕೆಲಸಕ್ಕೆ. ಯಾವುದನ್ನು ಮೊದಲು ಮಾಡುತ್ತೀರಿ ಎಂಬುದರ ಮೇಲೆಯೇ ಎಲ್ಲ ನಿಂತಿದೆ, ಯಾಕೆಂದರೆ ಹಿಂದಿನದು ತಪ್ಪಿದರೆ ಮುಂದಿನ ಅಳತೆಗೆ ಬೆಲೆಯಿಲ್ಲ.

ಮೊದಲು ಸ್ಪ್ರಿಂಗ್ ಕೂತಿರುವ ರೀತಿ ನೋಡಿ. ಗಾಡಿ ನೆಲದ ಮೇಲಿರುವಾಗಲೇ ಟಾರ್ಚ್ ಹಿಡಿದು ನೋಡಬಹುದು. ಕೆಳಗಿನ ಸೀಟಿನಲ್ಲಿ ಒಂದು ಮೆಟ್ಟಿಲಿನಂಥ ತಡೆ ಇರುತ್ತದೆ, ಸ್ಪ್ರಿಂಗ್‌ನ ಕತ್ತರಿಸಿದ ತುದಿ ಅದಕ್ಕೆ ತಾಗಿಯೋ ಹತ್ತಿರದಲ್ಲೋ ನಿಲ್ಲಬೇಕು. ತುದಿ ಆ ಮೆಟ್ಟಿಲನ್ನು ಹತ್ತಿ ಕೂತಿದ್ದರೆ ಆ ಒಂದು ಕಡೆ ಗಾಡಿ ಎತ್ತರವಾಗಿ, ಸ್ಪ್ರಿಂಗ್ ಅಡ್ಡಾದಿಡ್ಡಿ ಬಾಗುತ್ತದೆ. ಮೇಲಿನ ರಬ್ಬರ್ ಸೀಟ್ ಹಾಕಿದ್ದಾರೆಯೇ, ಮಡಚಿಕೊಂಡಿದೆಯೇ ನೋಡಿ. ಹಳೆಯ ಸ್ಪ್ರಿಂಗ್ ತೆಗೆಯುವಾಗ ಅದು ಸ್ಪ್ರಿಂಗ್‌ಗೇ ಅಂಟಿ ಹೋಗಿ, ಹಾಗೇ ಮೂಲೆ ಸೇರುವುದುಂಟು. ಸ್ಪ್ರಿಂಗ್ ತಲೆಕೆಳಗಾಗಿದ್ದರೆ ಮೇಲೆ ಬರೆದಿರುವ ಪಾರ್ಟ್ ನಂಬರ್ ಕೂಡ ತಲೆಕೆಳಗಾಗಿರುತ್ತದೆ, ಸುತ್ತುಗಳು ಒತ್ತಾಗಿರುವ ತುದಿ ಯಾವ ಕಡೆ ಬರಬೇಕೆಂದು ಕಿಟ್ಟಿನ ಕಾಗದದಲ್ಲಿ ನೋಡಿ. ಕೆಲವು ಕಿಟ್‌ಗಳಲ್ಲಿ ಎಡಬಲದ ಸ್ಪ್ರಿಂಗ್ ಬೇರೆ ಬೇರೆ ಉದ್ದದವು, ಅದಲುಬದಲಾದರೆ ಗಾಡಿ ಒಂದು ಪಕ್ಕಕ್ಕೆ ವಾಲುತ್ತದೆ.

ಇಲ್ಲೇ ಇನ್ನೊಂದು ಮಾತು. ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್‌ಗಿಂತ ಹೆಚ್ಚು ಚಾಚುವಷ್ಟು ಉದ್ದವಿದ್ದರೆ, ಚಕ್ರ ಪೂರ್ತಿ ನೇತಾಡುವಾಗ ಸ್ಪ್ರಿಂಗ್ ಸೀಟಿನಿಂದ ಎದ್ದು ತಿರುಗಿ, ಮತ್ತೆ ಕೂರುವಾಗ ಬೇರೆ ಕಡೆ ಕೂರುತ್ತದೆ. ಪರೀಕ್ಷೆ ಹೀಗೆ: ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಕ್ಸಲ್ ಪೂರ್ತಿ ಇಳಿಯಲಿ, ಆಗ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಶಾಕ್ ಅಬ್ಸಾರ್ಬರ್‌ಗೂ ಸ್ಪ್ರಿಂಗ್‌ಗೂ ಜೋಡಿ ಹೊಂದಿಲ್ಲ, ಕಿಟ್ ಕೊಟ್ಟವರನ್ನು ಕೇಳಬೇಕಾದದ್ದು ಇದನ್ನು. ಆಕ್ಸಲ್ ಇಳಿದಿರುವಾಗಲೇ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿದಿದೆಯೇ ನೋಡಿಬಿಡಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಎಳೆದ ತಂತಿಯ ಹಾಗೆ ನಿಂತಿದ್ದರೆ ಮೊದಲು ಅದನ್ನು ಸರಿಮಾಡದೆ ಗಾಡಿ ಹೊರಗೆ ತೆಗೆಯಬೇಡಿ.

ಎರಡನೆಯದು ಬುಷ್. ಅತಿ ಹೆಚ್ಚು ಗ್ಯಾರೇಜುಗಳು ಎಡವುವ ಜಾಗ ಇದು, ಎಡವಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆರ್ಮ್ ಮತ್ತು ಪ್ಯಾನ್‌ಹಾರ್ಡ್ ರಾಡಿನ ಬುಷ್‌ನಲ್ಲಿ ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನದಕ್ಕೂ ರಬ್ಬರ್ ಬೆಸೆದುಕೊಂಡಿರುತ್ತದೆ. ಬೋಲ್ಟ್ ಬಿಗಿದ ಗಳಿಗೆಯಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಅದರ ವಿಶ್ರಾಂತ ಸ್ಥಿತಿ. ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲೆತ್ತಿ ಚಕ್ರ ನೇತಾಡುತ್ತಿರುವಾಗ ಬಿಗಿದರೆ, ಗಾಡಿ ಇಳಿಸಿದ ಮೇಲೆ ಬುಷ್‌ಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತವೆ. ಗಾಡಿ ಬೇಕಾದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಸಣ್ಣ ಗುಂಡಿಗೂ ಕುಲುಕುತ್ತದೆ, ಕೆಲವೇ ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ಹಾಗೇನಾದರೂ ಆಗಿದ್ದರೆ ಗಾಡಿಯನ್ನು ಸಮನೆಲದಲ್ಲಿ ಅದರ ಚಕ್ರಗಳ ಮೇಲೇ ನಿಲ್ಲಿಸಿ, ಆರ್ಮ್ ಮತ್ತು ಪ್ಯಾನ್‌ಹಾರ್ಡ್ ರಾಡಿನ ಬೋಲ್ಟ್‌ಗಳನ್ನು ಸಡಿಲಿಸಿ. ಬೋಲ್ಟ್ ತೆಗೆಯುವುದಲ್ಲ, ನಟ್ಟು ಎರಡು ಸುತ್ತು ಬಿಟ್ಟರೆ ಸಾಕು. ಬಂಪರ್ ಹಿಡಿದು ನಾಲ್ಕಾರು ಸಲ ಒತ್ತಿ ಬಿಡಿ. ಆಮೇಲೆ ಸರ್ವೀಸ್ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಜಿಮ್ನಿಯ ಕೆಳಗೆ ಜಾಗವಿದೆ, ಹೊಂಡವಿಲ್ಲದೆಯೂ ಇದನ್ನು ಮಾಡಬಹುದು.

ಇಷ್ಟಾದ ಮೇಲೆ ಎತ್ತರ ಅಳೆಯಿರಿ. ಟೈರ್ ಗಾಳಿ ಸಮ, ಟ್ಯಾಂಕ್ ಅರ್ಧ, ಒಳಗೆ ಸಾಮಾನಿಲ್ಲ. ಹಬ್‌ನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ, ನಾಲ್ಕೂ ಕಡೆ. ಎಡಬಲದ ವ್ಯತ್ಯಾಸ 5 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. 10 ದಾಟಿದರೆ ಮೇಲಿನ ಎರಡು ಹಂತದಲ್ಲೇ ಏನೋ ಉಳಿದುಹೋಗಿದೆ.

ಮೂರನೆಯದು ಆಕ್ಸಲ್ ಪಕ್ಕಕ್ಕೆ ಸರಿದಿರುವುದು. ಆಕ್ಸಲ್ ಅತ್ತಿತ್ತ ಹೋಗದ ಹಾಗೆ ಹಿಡಿದಿರುವುದು ಪ್ಯಾನ್‌ಹಾರ್ಡ್ ರಾಡ್, ಮಾರುತಿಯವರ ಬಾಯಲ್ಲಿ ಲ್ಯಾಟರಲ್ ರಾಡ್. ಅದರ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ಆಕ್ಸಲ್‌ನಲ್ಲಿ. ಗಾಡಿ ಎತ್ತರವಾದಷ್ಟೂ ರಾಡ್ ಇಳಿಜಾರಾಗುತ್ತದೆ, ರಾಡಿನ ಉದ್ದ ಬದಲಾಗದ ಕಾರಣ ಆಕ್ಸಲನ್ನು ಚಾಸಿಯ ತುದಿ ಇರುವ ಕಡೆಗೆ ಎಳೆಯುತ್ತದೆ. ರಾಡಿನ ಅಡ್ಡಳತೆ 800 ಮಿ.ಮೀ., ಎರಡು ತುದಿಗಳ ಎತ್ತರದ ಅಂತರ ಮೊದಲು 60 ಮಿ.ಮೀ. ಇದ್ದು ಈಗ 110 ಆಗಿದ್ದರೆ, ಆಕ್ಸಲ್ 5 ಮಿ.ಮೀ.ಗಿಂತ ತುಸು ಹೆಚ್ಚು ಸರಿಯುತ್ತದೆ. ಮುಂದಿನ ಮತ್ತು ಹಿಂದಿನ ರಾಡ್‌ಗಳ ಚಾಸಿ ತುದಿ ಬೇರೆ ಬೇರೆ ಪಕ್ಕದಲ್ಲಿದ್ದರೆ ಮುಂದಿನ ಆಕ್ಸಲ್ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಹೋಗಿ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ.

ಅಳೆಯಲು ಗಾರೆಯವರ ತೂಕದ ಗುಂಡು ಸಾಕು. ಮಡ್‌ಗಾರ್ಡ್ ಅಂಚಿನಿಂದ ದಾರ ಇಳಿಬಿಟ್ಟು ದಾರಕ್ಕೂ ರಿಮ್ಮಿನ ಅಂಚಿಗೂ ಎಷ್ಟು ದೂರ ನೋಡಿ, ಎರಡೂ ಕಡೆ. ಎರಡರ ವ್ಯತ್ಯಾಸದ ಅರ್ಧವೇ ಆಕ್ಸಲ್ ಸರಿದ ದೂರ. 5 ಮಿ.ಮೀ.ವರೆಗೆ ಬಿಟ್ಟುಬಿಡಿ, ಪ್ಲಾಸ್ಟಿಕ್ ಮಡ್‌ಗಾರ್ಡ್‌ಗಳೇ ಅಷ್ಟು ಹೆಚ್ಚುಕಡಿಮೆ ಇರುತ್ತವೆ, ಅನುಮಾನವಿದ್ದರೆ ಚಾಸಿಯಿಂದ ರಿಮ್ಮಿಗೆ ಅಳೆಯಿರಿ. ಅದಕ್ಕಿಂತ ಹೆಚ್ಚಿದ್ದರೆ ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಿ. ಚಾಸಿಯ ತುದಿಯನ್ನು ಕೆಳಗಿಳಿಸುವ ಬ್ರ್ಯಾಕೆಟ್ ಕೂಡ ಸಿಗುತ್ತದೆ, ಮುಂದಿನ ಆಕ್ಸಲ್‌ಗೆ ಅದು ನನಗೆ ಒಪ್ಪಿಗೆಯಿಲ್ಲ. ಪ್ಯಾನ್‌ಹಾರ್ಡ್ ರಾಡೂ ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕೂ ಎದುರಿನಿಂದ ನೋಡಿದಾಗ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಒಂದನ್ನು ಮಾತ್ರ ಇಳಿಸಿದರೆ ಎರಡೂ ಬೇರೆ ಬೇರೆ ಕಮಾನಿನಲ್ಲಿ ಚಲಿಸುತ್ತವೆ, ಪ್ರತಿ ಉಬ್ಬಿಗೂ ಸ್ಟೇರಿಂಗ್ ತಾನೇ ತಿರುಗುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಅದು ಬೇಕಿಲ್ಲ.

ನಾಲ್ಕನೆಯದು ಕ್ಯಾಸ್ಟರ್, ನಿಮ್ಮ ಮುಖ್ಯ ತೊಂದರೆ. ಚಕ್ರ ತಿರುಗುವ ಕಿಂಗ್‌ಪಿನ್ನಿನ ಗೆರೆ ಪಕ್ಕದಿಂದ ನೋಡಿದಾಗ ತುಸು ಹಿಂದಕ್ಕೆ ಒರಗಿರಬೇಕು. ಸೈಕಲ್ಲಿನ ಮುಂದಿನ ಫೋರ್ಕ್ ಒರಗಿರುವುದೂ ಇದಕ್ಕೇ, ಕೈ ಬಿಟ್ಟರೂ ನೇರ ಹೋಗುತ್ತದೆ. ಆಕ್ಸಲ್‌ನ ನೆತ್ತಿ ಮುಂದಕ್ಕೆ ಬಂದಷ್ಟೂ ಈ ಒರಗು ಕರಗುತ್ತದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಹಿಂದಿರುಗುವುದಿಲ್ಲ, ಲಾರಿ ಪಕ್ಕದಲ್ಲಿ ಹಾದರೆ ಗಾಡಿ ತೇಲಿದಂತಾಗುತ್ತದೆ. ಅಲೈನ್‌ಮೆಂಟ್ ಅಂಗಡಿಯವರು ಹೇಳಿದ್ದು ನಿಜವೇ: ಒಂದೇ ತುಂಡಿನ ಈ ಆಕ್ಸಲ್‌ನಲ್ಲಿ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಓರೆ) ಬದಲಿಸಲು ಎಡೆಯಿಲ್ಲ, ಕ್ಯಾಸ್ಟರ್‌ಗೆ ಸ್ಕ್ರೂ ಇಲ್ಲ, ಅವರ ಪಾನಾಗೆ ಸಿಗುವುದು ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದೇ. ಟೈ ರಾಡ್ ಎರಡು ನಕಲ್‌ಗಳ (ಚಕ್ರವನ್ನು ಹಿಡಿದು ತಿರುಗಿಸುವ ತುಂಡುಗಳ) ನಡುವೆ ಆಕ್ಸಲ್ ಜೊತೆಗೇ ಚಲಿಸುವುದರಿಂದ ಲಿಫ್ಟ್ ಮಾಡಿದರೂ ಟೋ ಹೆಚ್ಚು ಕೆಡುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಅದು ಹಸಿರಾಗಿಯೇ ಇದ್ದುದು ಅದಕ್ಕೇ.

ದಾರಿ ಮೂರಿವೆ. ಮೊದಲನೆಯದು ನಡು ತಪ್ಪಿಸಿ ತೂತು ಕೊರೆದ ಕ್ಯಾಸ್ಟರ್ ಬುಷ್‌ಗಳು. ಇವು ಸಾಮಾನ್ಯವಾಗಿ 2ರಿಂದ 3 ಡಿಗ್ರಿ ಹಿಂದಕ್ಕೆ ಕೊಡುತ್ತವೆ, ಖರ್ಚೂ ಕಡಿಮೆ. ಆಕ್ಸಲ್ ತುದಿಯ ನಾಲ್ಕು ಬುಷ್ ಬದಲಿಸಬೇಕು, ಹೈಡ್ರಾಲಿಕ್ ಪ್ರೆಸ್ ಇರುವಲ್ಲಿ ಮಾತ್ರ. ಸುತ್ತಿಗೆಯಲ್ಲಿ ಬಡಿದರೆ ಆರ್ಮಿನ ಕಣ್ಣೇ ಅಂಡಾಕಾರವಾಗುತ್ತದೆ. ತೂತು ಯಾವ ದಿಕ್ಕಿಗೆ ಎಂಬುದೇ ಇಲ್ಲಿನ ಗುಟ್ಟು. ಒಂದು ಆರ್ಮಿನ ಮುಂದಿನ ಬುಷ್‌ನಲ್ಲಿ ತೂತು ಮೇಲಕ್ಕೆ ಬಂದರೆ ಹಿಂದಿನದರಲ್ಲಿ ಕೆಳಕ್ಕೆ ಬರಬೇಕು, ಎಡಬಲದ ಆರ್ಮ್‌ಗಳು ಪಡಿಯಚ್ಚಾಗಿರಬೇಕು. ಒಂದು ಆರ್ಮಿನಲ್ಲಿ ತಿರುಗುಮುರುಗಾದರೆ ಆಕ್ಸಲನ್ನು ಹಿಂಡಿದಂತೆ, ಎರಡರಲ್ಲೂ ತಪ್ಪಿದರೆ ಇದ್ದ ಕ್ಯಾಸ್ಟರೂ ಹೋಯಿತು. ಒತ್ತುವ ಮೊದಲು ಆರ್ಮಿನ ಮೇಲೆ ಬಣ್ಣದಲ್ಲಿ ಗೆರೆ ಹಾಕಿಸಿ. ರಬ್ಬರ್ ಸಿಕ್ಕರೆ ಪಾಲಿಯುರೆಥೇನ್‌ಗಿಂತ ಅದೇ ಮೇಲು: ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಇಳಿದಾಗ ಈ ಬುಷ್‌ಗಳು ತಿರುಚಲೇಬೇಕು, ಗಟ್ಟಿ ಪಾಲಿಯುರೆಥೇನ್ ಅದಕ್ಕೆ ಬಿಡುವುದಿಲ್ಲ, ಕೆಸರು ಹೊಕ್ಕರೆ ಕಿರುಗುಟ್ಟುತ್ತದೆ.

ಎರಡನೆಯದು ಕೋನ ಬದಲಿಸಿ ಮಾಡಿದ ಆರ್ಮ್‌ಗಳು. ಖರ್ಚು ಹೆಚ್ಚು, ಕೆಲಸ ಚೊಕ್ಕ, ಮೂಲ ಮಾದರಿಯ ಬುಷ್‌ಗಳೇ ಇರುತ್ತವೆ. ಮೂರನೆಯದು ಆರ್ಮಿನ ಹಿಂತುದಿಯನ್ನು ಚಾಸಿಯಿಂದ ಕೆಳಗಿಳಿಸುವ ಬ್ರ್ಯಾಕೆಟ್. ಆರ್ಮ್ ಮತ್ತೆ ಹಳೆಯ ಕೋನಕ್ಕೆ ಬರುವುದರಿಂದ ಡಾಂಬರು ರಸ್ತೆಯಲ್ಲಿ ಇದರಷ್ಟು ಹಿತವಾದದ್ದಿಲ್ಲ. ಆದರೆ ಬ್ರ್ಯಾಕೆಟ್ ಕೆಳಗೆ ಚಾಚಿಕೊಂಡು, ತೋಟದ ದಾರಿಯ ಕಲ್ಲಿಗೆ ಮೊದಲು ತಾಗುವುದೂ ಅದೇ. ಎತ್ತರಕ್ಕೆಂದು ದುಡ್ಡು ಕೊಟ್ಟು ಅದನ್ನೇ ಕಳೆದುಕೊಳ್ಳುವ ಈ ದಾರಿ ನಿಮಗೆ ಹೇಳಿದ್ದಲ್ಲ. 50 ಮಿ.ಮೀ.ಗೆ ಬುಷ್, ದುಡ್ಡಿದ್ದರೆ ಆರ್ಮ್.

ಈ ಮೂರರಲ್ಲಿ ಯಾವುದನ್ನು ಮಾಡಿದರೂ ಇಡೀ ಆಕ್ಸಲ್ ಹಿಂದಕ್ಕೆ ತಿರುಗುತ್ತದೆ, ಅದರ ಮೇಲಿನ ಸ್ಪ್ರಿಂಗ್ ಸೀಟೂ ಅಷ್ಟೇ ಡಿಗ್ರಿ ತಿರುಗುತ್ತದೆ. 3.8ರಲ್ಲಿ 2.5 ಡಿಗ್ರಿ ವಾಪಸ್ ಬಂದರೆ ಬಾಗಿನಲ್ಲಿ ಮೂರರಲ್ಲಿ ಎರಡು ಪಾಲು ತಾನಾಗಿ ಹೋಯಿತು. ಬೆಣೆ ಬೇಡ ಎಂದದ್ದು ಇದಕ್ಕೆ. ಅದು ಸ್ಪ್ರಿಂಗನ್ನು ಮಾತ್ರ ನೆಟ್ಟಗೆ ನಿಲ್ಲಿಸುತ್ತದೆ, ಕ್ಯಾಸ್ಟರ್ ಹಾಗೇ ಉಳಿಯುತ್ತದೆ, ಕಣ್ಣಿಗೆ ಎಲ್ಲ ಸರಿಹೋದ ಹಾಗೆ ಕಾಣುತ್ತದೆ. ಸ್ಪ್ರಿಂಗ್ ಕೆಳಗೆ ಬೋಲ್ಟಿಲ್ಲದೆ ತುರುಕಿದ ರಬ್ಬರ್ ತುಂಡು ಒಂದು ದಿನ ಹಾರಿಯೂ ಹೋಗುತ್ತದೆ. ಗ್ಯಾಸ್‌ನಲ್ಲಿ ಕಾಯಿಸಿ ಬಗ್ಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಗಾಡಿ ತೆಗೆದುಕೊಂಡು ಹೊರಡಿ. ಕಾಯಿಸಿದ ಜಾಗದಲ್ಲಿ ಉಕ್ಕು ಹದ ಕಳೆದುಕೊಂಡು ಸ್ಪ್ರಿಂಗ್ ಅಲ್ಲೇ ಕುಸಿಯುತ್ತದೆ ಅಥವಾ ಮುರಿಯುತ್ತದೆ.

ಒಂದು ತೊಡಕಿದೆ. ಮುಂದಿನ ಆಕ್ಸಲ್‌ನ ಮೂತಿ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಪಿನಿಯನ್, ಹಿಂದಕ್ಕೆ ಮುಖ ಮಾಡಿದೆ. ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಆ ಮೂತಿ ನೆಲದ ಕಡೆ ಬಾಗಿ ಶಾಫ್ಟಿನ ಜಾಯಿಂಟ್ ಹೆಚ್ಚು ಮುರಿದ ಕೋನದಲ್ಲಿ ತಿರುಗಬೇಕಾಗುತ್ತದೆ. ಟೂ ಹೈನಲ್ಲಿ (ಹಿಂದಿನ ಚಕ್ರಗಳು ಮಾತ್ರ ಎಳೆಯುವಾಗ) ಮುಂದಿನ ಹಬ್ ಬಿಟ್ಟುಕೊಂಡಿರುವಾಗ ಗೊತ್ತಾಗುವುದಿಲ್ಲ, ಫೋರ್ ಹೈ (ನಾಲ್ಕೂ ಚಕ್ರ) ಹಾಕಿ ತುಸು ವೇಗ ಹಿಡಿದಾಗ ನೆಲದಡಿಯಲ್ಲಿ ಗುಂಯ್‌ಗುಟ್ಟಿದರೆ ಅದೇ. ಹಾಗಾಗಿ ಕ್ಯಾಸ್ಟರನ್ನು ಕಾರ್ಖಾನೆಯ ಅಂಕಿಯವರೆಗೆ ಎಳೆಯುವ ಹಟ ಬೇಡ, ಸ್ಟೇರಿಂಗ್ ತಾನಾಗಿ ಹಿಂದಿರುಗುವಷ್ಟಾದರೆ ನಿಲ್ಲಿಸಿ. ಇನ್ನೂ ಗಟ್ಟಿಯಾದ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ನಡುಕ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿ ಎಂಬ ಸಲಹೆಯೂ ಬರುತ್ತದೆ. ಚಕ್ರ ಗಡಗಡ ನಡುಗುವ ಕಾಯಿಲೆಗೆ ಕಾರಣ ಸಾಮಾನ್ಯವಾಗಿ ಸವೆದ ಕಿಂಗ್‌ಪಿನ್ ಬೇರಿಂಗ್, ಪ್ಯಾನ್‌ಹಾರ್ಡ್ ಬುಷ್‌ನ ಆಟ ಅಥವಾ ಬ್ಯಾಲೆನ್ಸ್ ತಪ್ಪಿದ ಚಕ್ರ. ಡ್ಯಾಂಪರ್ ಅದನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಇನ್ನು ವಾಲಿದ ಸ್ಟೇರಿಂಗ್ ಚಕ್ರ. ಪ್ಯಾನ್‌ಹಾರ್ಡ್ ರಾಡಿನ ಹಾಗೆಯೇ ಡ್ರ್ಯಾಗ್ ಲಿಂಕ್ ಕೂಡ ಇಳಿಜಾರಾಗಿದೆ, ಆಕ್ಸಲ್ ಪಕ್ಕಕ್ಕೂ ಸರಿದಿದೆ, ಎರಡೂ ಸೇರಿ ಚಕ್ರಗಳನ್ನು ತುಸು ತಿರುಗಿಸಿವೆ. ನೀವು ನೇರ ಹೋಗಲು ಅದನ್ನು ಸ್ಟೇರಿಂಗ್‌ನಲ್ಲಿ ಸರಿದೂಗಿಸುತ್ತಿದ್ದೀರಿ. ಆಕ್ಸಲ್ ನಡುವಿಗೆ ಬಂದ ಮೇಲೆ, ಕ್ಯಾಸ್ಟರ್ ಆದ ಮೇಲೆ, ಡ್ರ್ಯಾಗ್ ಲಿಂಕ್‌ನ ಲಾಕ್ ನಟ್ಟು ಸಡಿಲಿಸಿ ಉದ್ದ ಹೊಂದಿಸಿದರೆ ಚಕ್ರ ನೆಟ್ಟಗಾಗುತ್ತದೆ. ಸ್ಟೇರಿಂಗ್ ಚಕ್ರವನ್ನೇ ಕಿತ್ತು ಒಂದು ಹಲ್ಲು ಮುಂದೆ ಕೂರಿಸಲು ಬಿಡಬೇಡಿ. ಒಳಗಿನ ಕೋನದ ಸೆನ್ಸರ್ ಇನ್ನೂ ಗಾಡಿ ತಿರುಗುತ್ತಿದೆ ಎಂದೇ ತಿಳಿಯುತ್ತದೆ, ಇಎಸ್‌ಪಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ನೇರ ರಸ್ತೆಯಲ್ಲಿ ಸುಮ್ಮಸುಮ್ಮನೆ ಬ್ರೇಕ್ ಹಿಡಿಯಬಹುದು, ಸ್ಟೇರಿಂಗ್ ಬಾಕ್ಸೂ ನಡುವಿನಿಂದ ಆಚೆ ಉಳಿಯುತ್ತದೆ. ಡ್ರ್ಯಾಗ್ ಲಿಂಕ್ ಸರಿಮಾಡಿದ ಮೇಲೂ ಇಎಸ್‌ಪಿ ದೀಪ ಉರಿದರೆ ಸ್ಕ್ಯಾನರ್ ಹಾಕಿ ಸೊನ್ನೆ ಗುರುತು ಹೊಸದಾಗಿ ಕಲಿಸಬೇಕು. ಟೋ ನೋಡಿಸುವುದು ಎಲ್ಲಕ್ಕಿಂತ ಕೊನೆಗೆ. ಅದೂ 500 ಕಿ.ಮೀ. ಓಡಿದ ಮೇಲೆ, ಹೊಸ ಸ್ಪ್ರಿಂಗ್‌ಗಳು ಮೊದಲ ದಿನಗಳಲ್ಲಿ ತುಸು ಕುಳಿತುಕೊಳ್ಳುತ್ತವೆ. ಅದೇ ದಿನ ಎಲ್ಲ ಬೋಲ್ಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿಸಿ, ಹೆಡ್‌ಲೈಟ್ ಮಟ್ಟವನ್ನೂ ಇಳಿಸಿಸಿ. ಇನ್ಶೂರೆನ್ಸ್ ಕಂಪನಿಗೆ ಲಿಫ್ಟಿನ ವಿಷಯ ಬರವಣಿಗೆಯಲ್ಲಿ ತಿಳಿಸಿಡುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆ ಬಿಗಿಯಾಗಿಯೇ ಇದೆ.

30 ಮಿ.ಮೀ. ಕಿಟ್ ಕೇಳಿದ್ದೀರಿ. ಅದೇ 750 ಮಿ.ಮೀ. ಲೆಕ್ಕದಲ್ಲಿ ಅದಕ್ಕೆ 2.3 ಡಿಗ್ರಿ. ಬಾಗು ಹುಡುಕಿ ನೋಡಿದರೆ ಮಾತ್ರ ಕಾಣುತ್ತದೆ, ಸ್ಟೇರಿಂಗ್ ತುಸು ಹಗುರವೆನಿಸಿದರೂ ಬುಷ್ ಬದಲಿಸದೆ ಓಡಿಸುವವರು ಹೆಚ್ಚು. ಗಾಡಿಯ ಮೂಲ ಗ್ರೌಂಡ್ ಕ್ಲಿಯರೆನ್ಸೇ 210 ಮಿ.ಮೀ. ಇನ್ನೊಂದು ವಿಷಯ: ಲಿಫ್ಟ್‌ನಿಂದ ಎತ್ತರವಾಗುವುದು ಚಾಸಿ ಮಾತ್ರ, ಕಲ್ಲಿಗೆ ಮೊದಲು ಸಿಗುವ ಆಕ್ಸಲ್‌ನ ಗುಂಡು (ಡಿಫರೆನ್ಷಿಯಲ್) ಇದ್ದಲ್ಲೇ ಇರುತ್ತದೆ, ಅದನ್ನು ಎತ್ತುವುದು ದೊಡ್ಡ ಟೈರ್ ಒಂದೇ. ತಿಂಗಳಲ್ಲಿ ಹೆಚ್ಚು ದಿನ ಬೆಂಗಳೂರು ಹೆದ್ದಾರಿಯಲ್ಲೇ ಓಡಿಸುವುದಾದರೆ, ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಾದರೆ, 30ಕ್ಕೆ ಇಳಿಯಿರಿ. ದಿನವೂ ತೋಟದ ದಾರಿಯೇ ಆದರೆ 50 ಇರಲಿ, ಕ್ಯಾಸ್ಟರ್ ಬುಷ್‌ನ ಖರ್ಚನ್ನು ಕಿಟ್ಟಿನ ಬೆಲೆಗೇ ಸೇರಿಸಿಕೊಳ್ಳಿ.